ಹಾವು ಕಚ್ಚಿದಾಗ ಏನು ಮೊದಲು, ಏನು ಆಮೇಲೆ: ಹೊಲದ ಬದುವಿನಿಂದ ಆಸ್ಪತ್ರೆ ವಾರ್ಡಿನವರೆಗೆ

ಮಳೆಗಾಲ ಶುರುವಾಯಿತೆಂದರೆ ನಮ್ಮ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಲ್ಟಿಗೆ ಹಾವು ಕಚ್ಚಿದವರು ಬರುವುದು ಜಾಸ್ತಿಯಾಗುತ್ತದೆ. ನಾನು ಅಲ್ಲಿ ಸ್ಟಾಫ್ ನರ್ಸ್. ಪ್ರತಿ ವರ್ಷ ಅದೇ ತಪ್ಪುಗಳನ್ನು ನೋಡುತ್ತೇನೆ. ಕಾಲಿಗೆ ನೈಲಾನ್ ಹಗ್ಗ ಬಿಗಿದಿರುತ್ತಾರೆ. ಬ್ಲೇಡಿನಿಂದ ಕೊಯ್ದಿರುತ್ತಾರೆ. ಯಾವುದೋ ಸೊಪ್ಪು ಅರೆದು ಮೆತ್ತಿರುತ್ತಾರೆ. ಎಷ್ಟು ಹೊತ್ತಿಗೆ ಕಚ್ಚಿತು ಅಂತ ಕೇಳಿದರೆ ಜೊತೆಗೆ ಬಂದವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಯಾರಿಗೂ ಕಾಳಜಿ ಕಡಿಮೆ ಇರುವುದಿಲ್ಲ. ಗಾಬರಿಯಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದು ತಪ್ಪಿಹೋಗುತ್ತದೆ. ಆ ಸರದಿಯನ್ನೇ ಇಲ್ಲಿ ಬರೆದಿದ್ದೇನೆ. ಆಸ್ಪತ್ರೆಯೊಳಗೆ ಏನು ನಡೆಯುತ್ತದೆ ಅನ್ನುವುದನ್ನೂ ಸೇರಿಸಿದ್ದೇನೆ. ಅದು ಗೊತ್ತಿಲ್ಲದೆ ಅರ್ಧದಲ್ಲೇ ರೋಗಿಯನ್ನು ಎಬ್ಬಿಸಿಕೊಂಡು ಹೋದವರನ್ನು ನೋಡಿದ್ದೇನೆ.

ಮನೆಯಲ್ಲಿ ಮೊದಲೇ ಇರಬೇಕಾದ್ದು

ದೊಡ್ಡ ಸಾಮಾನೇನೂ ಬೇಡ. ಒಂದು ಬಾಲ್ ಪೆನ್ನು, ಹಳೆಯ ಪಂಚೆ ಅಥವಾ ಸೀರೆಯನ್ನು ಉದ್ದಕ್ಕೆ ಹರಿದ ನಾಲ್ಕು ಪಟ್ಟಿ, ಮೊಣಕಾಲಿನಿಂದ ಪಾದದವರೆಗೆ ಬರುವ ಒಂದು ಚಪ್ಪಟೆ ಕೋಲು ಅಥವಾ ಹಲಗೆ, ಒಂದು ಟಾರ್ಚ್.

ಇವೆಲ್ಲಕ್ಕಿಂತ ಮುಖ್ಯವಾದ್ದು ಒಂದು ಮಾಹಿತಿ. ನಿಮ್ಮೂರಿಗೆ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಕೊಡುವ ಔಷಧ, ಅಂದರೆ ಎಎಸ್‌ವಿ, ಸದಾ ಇರುತ್ತದೆ? ರಾತ್ರಿ ಅಲ್ಲಿ ಡಾಕ್ಟರ್ ಇರುತ್ತಾರಾ? ಇದನ್ನು ಹಾವು ಕಚ್ಚುವ ಮೊದಲೇ ಕೇಳಿ ತಿಳಿದುಕೊಳ್ಳಬೇಕು. ಊರಿನ ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ಅಲ್ಲಿನ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದಿಡಿ.

ಹಂತ 1: ದೂರ ಸರಿಯಿರಿ, ಗಡಿಯಾರ ನೋಡಿ

ಕಚ್ಚಿದ ಹಾವು ಅಲ್ಲೇ ಇರಬಹುದು, ಇನ್ನೊಮ್ಮೆ ಕಚ್ಚಬಹುದು. ನಾಲ್ಕೈದು ಹೆಜ್ಜೆ ಈಚೆ ಬಂದು ಕೂರಿಸಿ. ಓಡಬೇಡಿ. ಹೊಲದಿಂದ ಮನೆವರೆಗೆ ಓಡಿ ಬಂದವರ ಮೈಯಲ್ಲಿ ವಿಷ ಬೇಗ ಹರಡುತ್ತದೆ. ಕಾಲಿನ ಮಾಂಸಖಂಡ ಆಡಿದಷ್ಟೂ ಅದು ಮೇಲಕ್ಕೆ ಹೋಗುತ್ತದೆ.

ಈಗ ಗಡಿಯಾರ ನೋಡಿ, ಸಮಯ ಬರೆದುಕೊಳ್ಳಿ. ಚೀಟಿ ಇಲ್ಲದಿದ್ದರೆ ರೋಗಿಯ ಮುಂಗೈ ಮೇಲೇ ಪೆನ್ನಿನಿಂದ ಬರೆಯಿರಿ. ಸಣ್ಣ ಕೆಲಸ ಅನ್ನಿಸುತ್ತದೆ, ಅಲ್ವಾ? ಆದರೆ ಆಸ್ಪತ್ರೆಯಲ್ಲಿ ನಾವು ಮಾಡುವ ಅರ್ಧ ಲೆಕ್ಕ ಇದರ ಮೇಲೆ ನಿಂತಿದೆ. ಕಚ್ಚಿ 20 ನಿಮಿಷಕ್ಕೆ ಮೊಣಕಾಲಿನವರೆಗೆ ಬಾವು ಬಂದಿರುವುದು ಒಂದು ಕಥೆ. 6 ಗಂಟೆಯ ಮೇಲೆ ಅಷ್ಟೇ ಬಾವು ಇರುವುದು ಬೇರೆಯೇ ಕಥೆ.

ಹಾವನ್ನು ಹುಡುಕಬೇಡಿ, ಹೊಡೆಯಬೇಡಿ, ಚೀಲದಲ್ಲಿ ಹಾಕಿ ತರಬೇಡಿ. ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ದೂರದಿಂದ ಮೊಬೈಲಿನಲ್ಲಿ ಫೋಟೊ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಅದಕ್ಕಾಗಿ ಒಂದು ನಿಮಿಷವೂ ನಿಲ್ಲಬೇಡಿ. ನಮ್ಮಲ್ಲಿ ಕೊಡುವ ಎಎಸ್‌ವಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ. ಹಾವಿನ ಹೆಸರು ಗೊತ್ತಿಲ್ಲದಿದ್ದರೂ ರೋಗಿಯ ಮೈ ತೋರಿಸುವ ಲಕ್ಷಣ ನೋಡಿ ಚಿಕಿತ್ಸೆ ಶುರುಮಾಡುತ್ತಾರೆ.

ಹಂತ 2: ಆಭರಣ ತೆಗೆಯಿರಿ, ಕೈಕಾಲು ಅಲುಗದಂತೆ ಕಟ್ಟಿ

ಉಂಗುರ, ಬಳೆ, ಕಾಲುಂಗುರ, ಕಾಲ್ಗೆಜ್ಜೆ, ವಾಚು, ಸೊಂಟದ ಉಡಿದಾರ, ಬಿಗಿಯಾದ ತೋಳು, ಎಲ್ಲವನ್ನೂ ಈಗಲೇ ತೆಗೆಯಿರಿ. ಅರ್ಧ ಗಂಟೆ ಬಿಟ್ಟರೆ ಬಾವು ಬಂದು ಉಂಗುರ ಬೆರಳಿನೊಳಗೆ ಹೂತುಹೋಗುತ್ತದೆ. ಕಾಲುಂಗುರ ತೆಗೆಯಲು ಮನಸ್ಸಾಗದೆ ಹಾಗೇ ಕರೆತರುವ ಮನೆಯವರಿದ್ದಾರೆ. ಆಮೇಲೆ ನಾವು ಅದನ್ನು ಕತ್ತರಿಸಿ ತೆಗೆಯಬೇಕಾಗುತ್ತದೆ, ಕೆಲವೊಮ್ಮೆ ಅಷ್ಟರಲ್ಲಿ ಬೆರಳು ಕಪ್ಪಾಗಿರುತ್ತದೆ.

ಆಮೇಲೆ ಕೈಕಾಲು ಅಲುಗದಂತೆ ಮಾಡುವ ಕೆಲಸ. ಮೂಳೆ ಮುರಿದಾಗ ಕೋಲು ಇಟ್ಟು ಕಟ್ಟುತ್ತಾರಲ್ಲ, ಹಾಗೆಯೇ. ಕಚ್ಚಿದ ಕಾಲಿಗೆ ಕೋಲು ಅಥವಾ ಹಲಗೆ ಇಟ್ಟು ಬಟ್ಟೆಪಟ್ಟಿಯಿಂದ ಎರಡು ಮೂರು ಕಡೆ ಸಡಿಲವಾಗಿ ಕಟ್ಟಿ. ಕಟ್ಟಿನ ಕೆಳಗೆ ಒಂದು ಬೆರಳು ಸರಾಗವಾಗಿ ಹೋಗಬೇಕು. ಕೈಯಾದರೆ ಮಡಿಸಿ ಕತ್ತಿನಿಂದ ಜೋಲಿ ಹಾಕಿ. ಕಾಲು ಆಡಬಾರದು, ರಕ್ತ ಓಡಾಡುತ್ತಿರಬೇಕು. ಅಷ್ಟೇ ಉದ್ದೇಶ.

ರೋಗಿಗೆ ಸಮಾಧಾನ ಹೇಳಿ. ಸುಮ್ನೆ ಹೇಳುವ ಮಾತಲ್ಲ ಇದು, ನಿಜವಾದ ಕಾರಣವಿದೆ. ನಮ್ಮಲ್ಲಿರುವ ಹೆಚ್ಚಿನ ಹಾವುಗಳು ವಿಷದವಲ್ಲ. ವಿಷದ ಹಾವು ಕಚ್ಚಿದರೂ ಪ್ರತಿ ಸಲ ವಿಷ ಬಿಡುವುದಿಲ್ಲ. ಬಿಟ್ಟಿದ್ದರೂ ಔಷಧ ಇದೆ.

ಹಂತ 3: ಇಲ್ಲಿ ಕೈ ಕಟ್ಟಿ ಕೂರಬೇಕು

ಜಾಸ್ತಿ ಜನ ಸೋಲುವುದು ಈ ಹಂತದಲ್ಲಿ. ಸುತ್ತ ನೆರೆದವರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಯಾರಾದರೂ ಒಬ್ಬರು ಗಟ್ಟಿಯಾಗಿ ಬೇಡ ಅನ್ನಬೇಕು.

ಹಗ್ಗ ಬಿಗಿಯುವುದು ಬೇಡ. ಮಂಡಲದ ಹಾವಿನ ವಿಷ ಕಚ್ಚಿದ ಜಾಗದ ಮಾಂಸವನ್ನೇ ಕೊಳೆಸುತ್ತದೆ. ಹಗ್ಗ ಬಿಗಿದರೆ ಅಷ್ಟೂ ವಿಷ ಒಂದೇ ಕಡೆ ನಿಲ್ಲುತ್ತದೆ, ಮೇಲಾಗಿ ರಕ್ತವೂ ನಿಲ್ಲುತ್ತದೆ. ಕಾಲು ಕಳೆದುಕೊಂಡವರಲ್ಲಿ ಕೆಲವರಿಗೆ ಹಾವಿಗಿಂತ ಹಗ್ಗವೇ ಹೆಚ್ಚು ಹಾನಿ ಮಾಡಿರುತ್ತದೆ. ನೀವು ಬರುವಷ್ಟರಲ್ಲಿ ಯಾರೋ ಬಿಗಿದುಬಿಟ್ಟಿದ್ದರೆ ದಾರಿಯಲ್ಲಿ ಸಟಕ್ಕನೆ ಬಿಚ್ಚಬೇಡಿ. ನಿಂತಿದ್ದ ವಿಷ ಒಮ್ಮೆಲೇ ಮೇಲೇರಬಹುದು. 108ರವರಿಗೆ ಫೋನಿನಲ್ಲೇ ಹೇಳಿ. ಆಸ್ಪತ್ರೆ ಮುಟ್ಟಿದ ತಕ್ಷಣ ಮೊದಲ ಮಾತಾಗಿ ಇದನ್ನೇ ಹೇಳಿ. ಪ್ಯಾಂಟಿನ ಕೆಳಗೆ ಹಗ್ಗ ಇರುವುದು ನಮಗೆ ಕಾಣುವುದಿಲ್ಲ.

ಕೊಯ್ಯುವುದು, ಬಾಯಿಂದ ಚೀಪುವುದು ಬೇಡ. ಹೀಗೆ ಮಾಡಿದರೆ ವಿಷ ಹೊರಗೆ ಬರುವುದಿಲ್ಲ. ಮಂಡಲದ ವಿಷಕ್ಕೆ ರಕ್ತ ಹೆಪ್ಪುಗಟ್ಟುವುದು ನಿಂತುಹೋಗುತ್ತದೆ. ಅಂಥ ಹೊತ್ತಿನಲ್ಲಿ ಬ್ಲೇಡಿನ ಒಂದು ಗೀರು ಸಾಕು, ಗಂಟೆಗಟ್ಟಲೆ ರಕ್ತ ಸೋರುತ್ತದೆ.

ಮೆಣಸಿನಕಾಯಿ, ಬೇವಿನ ಸೊಪ್ಪು ತಿನ್ನಿಸಿ ನೋಡುವುದು ಬೇಡ. ಖಾರ ಗೊತ್ತಾದರೆ ವಿಷ ಏರಿಲ್ಲ, ಕಹಿ ಗೊತ್ತಾದರೆ ಭಯವಿಲ್ಲ ಅನ್ನುವ ಪರೀಕ್ಷೆ ಇನ್ನೂ ನಡೆಯುತ್ತಿದೆ. ನಾಲಿಗೆಯ ರುಚಿಗೂ ವಿಷಕ್ಕೂ ಸಂಬಂಧವಿಲ್ಲ. ನುಂಗುವ ಶಕ್ತಿ ಹೋಗಿರುವವರಿಗೆ ಸೊಪ್ಪು ಅಗಿಯಲು ಕೊಟ್ಟರೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ನೀರು, ಕಾಫಿ, ಹಾಲು, ಸಾರಾಯಿ, ಯಾವುದೂ ಬೇಡ.

ನಿದ್ದೆ ಬಾರದಂತೆ ನಡೆದಾಡಿಸುವುದೂ ಬೇಡ. ಮಲಗಿದರೆ ವಿಷ ತಲೆಗೇರುತ್ತದೆ ಅಂತ ಇಬ್ಬರು ತೋಳು ಹಿಡಿದು ಅಂಗಳದಲ್ಲಿ ಸುತ್ತಿಸುತ್ತಾರೆ. ಇದು ಮೊದಲ ಎರಡು ಹಂತದಲ್ಲಿ ಮಾಡಿದ ಒಳ್ಳೆಯ ಕೆಲಸವನ್ನೆಲ್ಲ ಹಾಳುಮಾಡುತ್ತದೆ.

ಮಂತ್ರ, ವಿಷಕಲ್ಲು, ನಾಟಿ ಔಷಧದ ಬಗ್ಗೆ ಒಂದು ಮಾತು. ಅಲ್ಲಿಗೆ ಹೋದ ಎಷ್ಟೋ ಜನ ಬದುಕುತ್ತಾರೆ, ಅದು ನಿಜವೇ. ಕೇರೆಹಾವು ಕಚ್ಚಿದವರು ಏನು ಮಾಡಿದರೂ ಬದುಕುತ್ತಾರೆ. ವಿಷ ಬಿಡದೆ ಕಚ್ಚಿದ ನಾಗರಹಾವಿನಿಂದಲೂ ಬದುಕುತ್ತಾರೆ. ವಿಷ ಒಳಗೆ ಹೋದವರಿಗೆ ಮಾತ್ರ ಆಸ್ಪತ್ರೆ ಮುಟ್ಟಬೇಕಾದ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಮನೆಯ ಹಿರಿಯರು ಬಿಡುವುದೇ ಇಲ್ಲ ಅಂದರೆ ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. "ಅಜ್ಜಿ, ನೀವು ಇಲ್ಲಿ ಹರಕೆ ಹೊತ್ತುಕೊಳ್ಳಿ, ನಾವು ಅಷ್ಟರಲ್ಲಿ ಆಸ್ಪತ್ರೆಗೆ ಹೋಗಿರುತ್ತೇವೆ" ಅಂತ ಹೇಳಿ ಹೊರಡಿ.

ನೋವಿಗೆ ಮಾತ್ರೆಯನ್ನೂ ನೀವಾಗಿ ಕೊಡಬೇಡಿ. ಆಸ್ಪಿರಿನ್, ಐಬುಪ್ರೊಫೆನ್, ಡಿಕ್ಲೊಫೆನಾಕ್ ಇವು ರಕ್ತಸ್ರಾವ ಹೆಚ್ಚಿಸುತ್ತವೆ, ಕಿಡ್ನಿಗೂ ಹೊಡೆತ.

ಹಂತ 4: ಎಲ್ಲಿಗೆ, ಹೇಗೆ ಹೋಗಬೇಕು

108ಕ್ಕೆ ಫೋನ್ ಮಾಡಿ. ಆಂಬುಲೆನ್ಸ್ ಎಷ್ಟು ಹೊತ್ತಿಗೆ ಬರುತ್ತದೆ ಅಂತ ಕೇಳಿ. ನಿಮ್ಮ ಬಳಿ ಗಾಡಿ ಇದ್ದು, ಅದರಲ್ಲಿ ಬೇಗ ಮುಟ್ಟುವಂತಿದ್ದರೆ ಹೊರಟುಬಿಡಿ, ದಾರಿ ಮಧ್ಯೆ ಆಂಬುಲೆನ್ಸ್ ಸಿಗುವಂತೆ ಮಾತಾಡಿಕೊಳ್ಳಿ. ಮಲೆನಾಡಿನ ಕಡೆ ಆಂಬುಲೆನ್ಸ್ ಬೇಗ ಮುಟ್ಟದ ಮನೆಗಳಿಗೆ ಇದೇ ದಾರಿ.

ಕಾರು, ಆಟೊ, ಗೂಡ್ಸ್ ಗಾಡಿ ಆದರೆ ಮಲಗಿಸಿ. ವಾಂತಿ ಬರುವಂತಿದ್ದರೆ ಎಡಮಗ್ಗುಲಿಗೆ ತಿರುಗಿಸಿ. ಬೈಕೇ ಗತಿ ಅಂದರೆ ರೋಗಿಯನ್ನು ಮಧ್ಯೆ ಕೂರಿಸಿ, ಹಿಂದೆ ಇನ್ನೊಬ್ಬರು ಕೂತು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ರೋಗಿ ತಾನೇ ಬೈಕ್ ಓಡಿಸಿಕೊಂಡು ಬರುವುದನ್ನು ಯಾವ ಕಾರಣಕ್ಕೂ ಬಿಡಬೇಡಿ. ರೆಪ್ಪೆ ಜೋಲಲು ಶುರುವಾದರೆ ಎದುರಿನ ರಸ್ತೆ ಎರಡಾಗಿ ಕಾಣುತ್ತದೆ.

ಹೊರಡುವ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿ. ಎಎಸ್‌ವಿ ಇದೆಯಾ? ಈಗ ಡಾಕ್ಟರ್ ಇದ್ದಾರಾ? ಎರಡಕ್ಕೂ ಹೌದು ಅಂದರೆ ಅಲ್ಲಿಗೇ ಹೋಗಿ, ಅದು ಪ್ರಾಥಮಿಕ ಆರೋಗ್ಯ ಕೇಂದ್ರವೇ ಆಗಿರಲಿ. ದೊಡ್ಡ ಆಸ್ಪತ್ರೆಯೇ ಬೇಕು ಅಂತ ಹತ್ತಿರದ್ದನ್ನು ದಾಟಿ 60 ಕಿಲೋಮೀಟರ್ ಹೋಗುವುದು ದೊಡ್ಡ ತಪ್ಪು. ಮೊದಲ ಔಷಧ ಹತ್ತಿರದಲ್ಲಿ ಬೀಳಲಿ, ಆಮೇಲೆ ಬೇಕಾದರೆ ಅವರೇ ಮುಂದಕ್ಕೆ ಕಳಿಸುತ್ತಾರೆ. ಸರ್ಕಾರಿ ಆಸ್ಪತ್ರೆಯಲ್ಲಿ ಈ ಔಷಧಕ್ಕೆ ದುಡ್ಡು ಕೊಡಬೇಕಾಗಿಲ್ಲ.

ಹಂತ 5: ದಾರಿಯಲ್ಲಿ ನೋಡುತ್ತಿರಬೇಕಾದ ಲಕ್ಷಣಗಳು

ಹಿಂದಿನ ಸೀಟಿನಲ್ಲಿ ಕೂತವರಿಗೆ ಕೆಲಸವಿದೆ. ಪೆನ್ನು ತೆಗೆದುಕೊಂಡು ಬಾವು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಚರ್ಮದ ಮೇಲೆ ಒಂದು ಗೆರೆ ಎಳೆಯಿರಿ, ಪಕ್ಕದಲ್ಲಿ ಸಮಯ ಬರೆಯಿರಿ. ಕಾಲು ಗಂಟೆಗೊಮ್ಮೆ ಮತ್ತೆ ನೋಡಿ. ಗೆರೆ ದಾಟಿದ್ದರೆ ಹೊಸ ಗೆರೆ, ಹೊಸ ಸಮಯ. ಹೀಗೆ ಮೂರು ಗೆರೆ ಎಳೆದುಕೊಂಡು ಬಂದ ಕಾಲನ್ನು ನೋಡಿದರೆ ಡಾಕ್ಟರಿಗೆ ಹತ್ತು ಪ್ರಶ್ನೆ ಕೇಳುವುದು ತಪ್ಪುತ್ತದೆ.

ನಾಗರಹಾವು, ಕಟ್ಟುಹಾವಿನ ವಿಷ ನರಕ್ಕೆ ಹೊಡೆಯುತ್ತದೆ. ಅದು ಮೊದಲು ಕಾಣುವುದು ಕಣ್ಣಿನಲ್ಲಿ. ರೆಪ್ಪೆ ಜೋಲುತ್ತದೆ, ಒಂದು ವಸ್ತು ಎರಡಾಗಿ ಕಾಣುತ್ತದೆ. ಆಮೇಲೆ ಮಾತು ತೊದಲುತ್ತದೆ, ಎಂಜಲು ನುಂಗಲಾಗದೆ ಬಾಯಿಂದ ಸುರಿಯುತ್ತದೆ, ಕತ್ತು ನಿಲ್ಲದೆ ವಾಲುತ್ತದೆ. ಕೊನೆಗೆ ಉಸಿರಾಟದ ಸ್ನಾಯುಗಳು ಸೋಲುತ್ತವೆ. ಜೋಲುವ ರೆಪ್ಪೆಯನ್ನು ನೋಡಿ "ಪಾಪ, ನಿದ್ದೆ ಬರ್ತಿದೆ, ಮಲಗಲಿ ಬಿಡಿ" ಅಂದುಕೊಳ್ಳುವವರೇ ಹೆಚ್ಚು. ನಿದ್ದೆ ಬಂದವರು ಕರೆದಾಗ ಕಣ್ಣು ಪೂರ್ತಿ ತೆರೆಯುತ್ತಾರೆ. ವಿಷ ಏರಿದವರು ಹಣೆ ಸುಕ್ಕುಗಟ್ಟಿಸಿ, ತಲೆ ಹಿಂದಕ್ಕೆ ಎತ್ತಿ, ಸಂದಿನಲ್ಲಿ ನೋಡುತ್ತಾರೆ. ಈ ವ್ಯತ್ಯಾಸ ನೆನಪಿರಲಿ.

ಉಸಿರಿನ ಬಲ ನೋಡಲು ಒಂದು ಸುಲಭ ಉಪಾಯ. ದೀರ್ಘವಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಅಂತ ಎಣಿಸಲು ಹೇಳಿ. ಹೊರಡುವಾಗ 25ರವರೆಗೆ ಎಣಿಸಿದವರು ಅರ್ಧ ಗಂಟೆಯಲ್ಲಿ 12ಕ್ಕೆ ನಿಂತರೆ ಪರಿಸ್ಥಿತಿ ಕೈಮೀರುತ್ತಿದೆ ಅಂತ ಅರ್ಥ. ಎರಡೂ ಅಂಕಿಯನ್ನು ಬರೆದುಕೊಂಡು ಬನ್ನಿ.

ಕೊಳಕುಮಂಡಲ, ಗರಗಸಮಂಡಲದ ವಿಷ ಮುಖ್ಯವಾಗಿ ರಕ್ತಕ್ಕೆ. ಕಚ್ಚಿದ ಜಾಗದಲ್ಲಿ ಉರಿ, ತಡೆಯಲಾಗದ ನೋವು, ಬೇಗ ಏರುವ ಬಾವು, ನಿಲ್ಲದೆ ಒಸರುವ ರಕ್ತ. ಉಗುಳಿದರೆ ಕೆಂಪು ಕಾಣುತ್ತದಾ ನೋಡಿ, ವಸಡಿನಿಂದ ಬರುತ್ತಿರುತ್ತದೆ. ಮೂತ್ರ ಕೆಂಪಗೆ ಅಥವಾ ಚಹಾದ ಡಿಕಾಕ್ಷನ್ ಬಣ್ಣಕ್ಕೆ ಬಂದರೆ ಕಿಡ್ನಿಯ ಮೇಲೂ ಪರಿಣಾಮ ಆಗುತ್ತಿರಬಹುದು. ಕೊಳಕುಮಂಡಲ ಕಚ್ಚಿದವರಲ್ಲಿ ಕೆಲವೊಮ್ಮೆ ರೆಪ್ಪೆಯೂ ಜೋಲುತ್ತದೆ, ಹಾಗಾಗಿ ಒಂದೇ ಲಕ್ಷಣ ಹಿಡಿದು ಹಾವನ್ನು ತೀರ್ಮಾನಿಸಬೇಡಿ.

ದಾರಿಯಲ್ಲೇ ಪ್ರಜ್ಞೆ ತಪ್ಪಿ ಉಸಿರು ನಿಂತರೆ ಗಾಡಿ ಬದಿಗೆ ಹಾಕಿ, ನೆಲಕ್ಕೆ ಮಲಗಿಸಿ. ಎದೆಯ ಮಧ್ಯೆ 30 ಸಲ ಬಲವಾಗಿ, ವೇಗವಾಗಿ ಒತ್ತಿ. ಆಮೇಲೆ ಗಲ್ಲ ಎತ್ತಿ, ಮೂಗು ಮುಚ್ಚಿ, ಬಾಯಿಗೆ ಬಾಯಿಟ್ಟು ಎದೆ ಏರುವಷ್ಟು 2 ಸಲ ಗಾಳಿ ಊದಿ. ಮತ್ತೆ 30, ಮತ್ತೆ 2. ನರದ ವಿಷದಲ್ಲಿ ಈ ಗಾಳಿಗೆ ಬಹಳ ಬೆಲೆ ಇದೆ, ಯಾಕೆಂದರೆ ಎಷ್ಟೋ ಸಲ ಹೃದಯ ಗಟ್ಟಿಯಾಗೇ ಇದ್ದು ಉಸಿರು ಮಾತ್ರ ನಿಂತಿರುತ್ತದೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಿ ಸ್ಪೀಕರ್ ಹಾಕಲಿ.

ಹಾವು ಕಾಣದೆ, ಗಾಯ ಕಾಣದೆ ಕಚ್ಚಿದ್ದರೆ

ಇದಕ್ಕೆ ಹಂತದ ಸಂಖ್ಯೆ ಕೊಟ್ಟಿಲ್ಲ. ಇಲ್ಲಿ ಹಂತ ಶುರುವಾಗುವುದೇ ಇಲ್ಲ, ಅದೇ ಸಮಸ್ಯೆ.

ಬೆಳಗಿನ ಜಾವ ನಾಲ್ಕೂವರೆ. ನೆಲದ ಮೇಲೆ ಚಾಪೆ ಹಾಸಿ ಮಲಗಿದ್ದ ಹುಡುಗ ಎದ್ದು "ಅವ್ವಾ, ಹೊಟ್ಟೆ ನೋವು" ಅನ್ನುತ್ತಾನೆ. ತಾಯಿ ಓಮಿನ ನೀರು ಕುಡಿಸುತ್ತಾಳೆ. ವಾಂತಿ ಆಗುತ್ತದೆ. ರಾತ್ರಿ ತಿಂದಿದ್ದು ಜೀರ್ಣವಾಗಿಲ್ಲ ಅಂದುಕೊಳ್ಳುತ್ತಾರೆ. ಆರು ಗಂಟೆಗೆ ಹುಡುಗನ ಕಣ್ಣು ತೆರೆಯುವುದಿಲ್ಲ, ಮಾತು ಮೂಗಿನಲ್ಲಿ ಬರುತ್ತದೆ. ಮೈಯೆಲ್ಲ ಹುಡುಕಿದರೂ ಗಾಯ ಇಲ್ಲ. ಆಸ್ಪತ್ರೆಗೆ ಬಂದವರು ಹಾವಿನ ಮಾತೇ ಎತ್ತುವುದಿಲ್ಲ, ಅವರಿಗೆ ಗೊತ್ತಿದ್ದರೆ ತಾನೇ?

ಕಟ್ಟುಹಾವಿನ ಕಡಿತ ಹೀಗೆಯೇ ಇರುತ್ತದೆ. ಹೊಳೆಯುವ ಕಪ್ಪು ಮೈ, ಅಡ್ಡಕ್ಕೆ ತೆಳು ಬಿಳಿ ಗೆರೆ. ರಾತ್ರಿ ಓಡಾಡುವ ಹಾವು, ನೆಲದಲ್ಲಿ ಮಲಗಿದವರ ಹಾಸಿಗೆಗೆ ಬರುತ್ತದೆ. ಇದರ ಹಲ್ಲು ಸಣ್ಣದು, ಗಾಯ ಸೊಳ್ಳೆ ಕಚ್ಚಿದಷ್ಟೂ ಕಾಣದಿರಬಹುದು. ನೋವಿಲ್ಲ, ಬಾವಿಲ್ಲ. ಲಕ್ಷಣ ಹಲವು ಗಂಟೆ ತಡವಾಗಿಯೂ ಬರಬಹುದು.

ಅದಕ್ಕೇ ಈ ಮಾತು ನೆನಪಿಟ್ಟುಕೊಳ್ಳಿ. ರಾತ್ರಿ ಚೆನ್ನಾಗಿ ಮಲಗಿದವರು ಬೆಳಗಿನ ಹೊತ್ತು ಹೊಟ್ಟೆನೋವು, ವಾಂತಿ ಅಂತ ಎದ್ದು, ಜೊತೆಗೆ ರೆಪ್ಪೆ ಜೋಲುತ್ತಿದ್ದರೆ ಅಥವಾ ಮಾತು ಬದಲಾಗಿದ್ದರೆ ಕಟ್ಟುಹಾವು ಅಂತಲೇ ತಿಳಿದು ಹೊರಡಿ. ಆಸ್ಪತ್ರೆಯಲ್ಲಿ "ನೆಲದ ಮೇಲೆ ಮಲಗಿದ್ದ, ಹಾವು ಇರಬಹುದು" ಅಂತ ನೀವೇ ಬಾಯಿಬಿಟ್ಟು ಹೇಳಿ. ಹೊಸದಾಗಿ ಕೆಲಸಕ್ಕೆ ಸೇರಿದ ನರ್ಸ್, ಡಾಕ್ಟರುಗಳಿಗೂ ನನ್ನ ವಿನಂತಿ ಇದೇ. ಬೆಳಗಿನ ಹೊಟ್ಟೆನೋವಿಗೆ ಗ್ಯಾಸಿನ ಇಂಜೆಕ್ಷನ್ ಬರೆಯುವ ಮುಂಚೆ ರೋಗಿಯ ಕಣ್ಣಿನ ಮುಂದೆ ಬೆರಳು ಎತ್ತಿ ಹಿಡಿಯಿರಿ. ಅರ್ಧ ನಿಮಿಷ ಮೇಲಕ್ಕೇ ನೋಡುತ್ತಿರಲು ಹೇಳಿ. ರೆಪ್ಪೆ ನಿಧಾನಕ್ಕೆ ಇಳಿದುಬಂದರೆ ಅದು ಗ್ಯಾಸ್ ಅಲ್ಲ.

ಹಂತ 6: ಆಸ್ಪತ್ರೆ ಬಾಗಿಲಲ್ಲಿ ಹೇಳಬೇಕಾದ್ದು

ಎಲ್ಲರೂ ಒಟ್ಟಿಗೆ ಮಾತಾಡಬೇಡಿ. ಘಟನೆ ನೋಡಿದ ಒಬ್ಬರು ಹೇಳಲಿ. ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡುತ್ತಿದ್ದಾಗ ಕಚ್ಚಿತು. ಹಗ್ಗ ಬಿಗಿದಿದ್ದರಾ, ಎಷ್ಟು ಹೊತ್ತು. ಯಾವ ಸೊಪ್ಪು, ಯಾವ ಔಷಧ ಕೊಟ್ಟಿರಿ. ಬಿಪಿ, ಸಕ್ಕರೆ, ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುತ್ತಾರಾ. ಹಿಂದೆ ಯಾವತ್ತಾದರೂ ಹಾವಿನ ಔಷಧ ಪಡೆದಿದ್ದರಾ. ಹೆಂಗಸರಾದರೆ ಗರ್ಭಿಣಿಯಾ. ನಾಟಿ ಔಷಧ ಮಾಡಿಸಿದ್ದನ್ನು ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ನಮಗೆ ಬೈಯುವುದಕ್ಕೆ ಸಮಯವಿಲ್ಲ.

ಕರ್ನಾಟಕದಲ್ಲಿ 2024ರಿಂದ ಹಾವು ಕಡಿತ ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಯಲ್ಲಿದೆ. ಊರು, ಜಾಗದ ವಿವರ ಕೇಳಿ ಬರೆದುಕೊಂಡರೆ ಗಾಬರಿಯಾಗಬೇಡಿ.

ಹಂತ 7: ಗಾಜಿನ ಕೊಳವೆಯ ಆ 20 ನಿಮಿಷ

"ಸಿಸ್ಟರ್, ರಕ್ತ ತೆಗೆದುಕೊಂಡು ಸುಮ್ನೆ ಇಟ್ಟಿದ್ದೀರಲ್ಲ, ಇಂಜೆಕ್ಷನ್ ಯಾವಾಗ?" ಈ ಪ್ರಶ್ನೆ ಪ್ರತಿ ಸಲ ಬರುತ್ತದೆ. ಕೋಪವೂ ಬರುತ್ತದೆ, ನನಗೆ ಅರ್ಥವಾಗುತ್ತದೆ.

ನಡೆಯುವುದು ಇಷ್ಟು. ಹೊಸ, ಸ್ವಚ್ಛ, ಒಣಗಿದ ಗಾಜಿನ ಕೊಳವೆಗೆ ರೋಗಿಯ 2 ಎಂಎಲ್ ರಕ್ತ ಹಾಕುತ್ತೇವೆ. ಸ್ಟ್ಯಾಂಡಿನಲ್ಲಿ ನೇರವಾಗಿ ನಿಲ್ಲಿಸಿ 20 ನಿಮಿಷ ಮುಟ್ಟುವುದಿಲ್ಲ. ಆಮೇಲೆ ಒಂದೇ ಸಲ ಬಗ್ಗಿಸಿ ನೋಡುತ್ತೇವೆ. ರಕ್ತ ಗಡ್ಡೆ ಕಟ್ಟಿದ್ದರೆ ಸದ್ಯಕ್ಕೆ ಪರವಾಗಿಲ್ಲ. ನೀರಿನಂತೆ ಹರಿದರೆ ಮಂಡಲದ ವಿಷ ರಕ್ತಕ್ಕೆ ಸೇರಿದೆ ಅಂತ ಅರ್ಥ, ಎಎಸ್‌ವಿ ಶುರುಮಾಡಬೇಕು.

ಈ ಪರೀಕ್ಷೆ ಕೆಡುವುದು ಸಣ್ಣ ಸಣ್ಣ ಕಾರಣಕ್ಕೆ. ಪ್ಲಾಸ್ಟಿಕ್ ಕೊಳವೆ ಬಳಸಿದರೆ, ಸೋಪಿನ ಪುಡಿಯಲ್ಲಿ ತೊಳೆದ ಕೊಳವೆ ಬಳಸಿದರೆ ಸರಿಯಾದ ರಕ್ತವೂ ಹೆಪ್ಪುಗಟ್ಟದೆ ಉಳಿಯಬಹುದು. ಐದು ನಿಮಿಷಕ್ಕೊಮ್ಮೆ ಎತ್ತಿ ಅಲ್ಲಾಡಿಸಿ ನೋಡಿದರೂ ಕೆಡುತ್ತದೆ. ಅನುಮಾನ ಬಂದರೆ ಜೊತೆಗೆ ಬಂದ ಆರೋಗ್ಯವಂತರೊಬ್ಬರ ರಕ್ತವನ್ನು ಇನ್ನೊಂದು ಕೊಳವೆಯಲ್ಲಿ ಇಟ್ಟು ಹೋಲಿಸಬಹುದು.

ಒಂದು ಸಲ ಹೆಪ್ಪುಗಟ್ಟಿತು ಅಂದರೆ ಮುಗಿಯಲಿಲ್ಲ. ವಿಷ ನಿಧಾನಕ್ಕೆ ಏರಬಹುದು. ಮೊದಲ ಕೆಲವು ಗಂಟೆ ಮತ್ತೆ ಮತ್ತೆ, ಆಮೇಲೆ ಅಂತರ ಕೊಟ್ಟು ಪರೀಕ್ಷೆ ಮಾಡುತ್ತಾ ಹೋಗಬೇಕು. ನರದ ಲಕ್ಷಣ ಆಗಲೇ ಕಾಣುತ್ತಿದ್ದರೆ ಈ ಪರೀಕ್ಷೆಗಾಗಿ ಕಾಯುವ ಹಾಗಿಲ್ಲ, ಔಷಧ ತಕ್ಷಣ ಶುರುವಾಗಬೇಕು. ನರದ ವಿಷದಲ್ಲಿ ರಕ್ತ ಚೆನ್ನಾಗೇ ಹೆಪ್ಪುಗಟ್ಟುತ್ತದೆ, ಅದನ್ನು ನೋಡಿ ಮೋಸ ಹೋಗಬಾರದು.

ಹಂತ 8: ಎಎಸ್‌ವಿ ಶುರುವಾದಾಗ

ವಿಷ ಮೈಗೆ ಸೇರಿದ ಲಕ್ಷಣ ಇದ್ದರೆ ಮಾತ್ರ ಇದನ್ನು ಕೊಡುತ್ತಾರೆ. ಲಕ್ಷಣವಿಲ್ಲದವರಿಗೆ "ಮುಂಜಾಗ್ರತೆಗೆ ಒಂದು ಹಾಕಿಬಿಡಿ" ಅಂತ ಒತ್ತಾಯ ಮಾಡಬೇಡಿ. ಇದು ಕುದುರೆಯ ರಕ್ತದಿಂದ ತಯಾರಾಗುವ ಔಷಧ, ಕೆಲವರಿಗೆ ಜೋರಾದ ಅಲರ್ಜಿ ಆಗುತ್ತದೆ.

ಶುರುವಿಗೆ ಸಾಮಾನ್ಯವಾಗಿ 8ರಿಂದ 10 ವಯಲ್, ಅಂದರೆ ಔಷಧದ ಸಣ್ಣ ಬಾಟ್ಲಿ. ಪುಡಿಯ ರೂಪದಲ್ಲಿರುವ ಪ್ರತಿ ವಯಲನ್ನು 10 ಎಂಎಲ್ ನೀರಿನಲ್ಲಿ ಕರಗಿಸಿ, ಸಲೈನಿಗೆ ಸೇರಿಸಿ, ಸುಮಾರು ಒಂದು ಗಂಟೆಯಲ್ಲಿ ರಕ್ತನಾಳಕ್ಕೆ ಹರಿಸುತ್ತೇವೆ. ಕರಗಿಸುವಾಗ ಜೋರಾಗಿ ಕುಲುಕಿದರೆ ನೊರೆ ಬರುತ್ತದೆ, ಅದಕ್ಕೇ ಅಂಗೈಗಳ ಮಧ್ಯೆ ಮೆಲ್ಲಗೆ ಉರುಳಿಸುತ್ತೇವೆ. ನೋಡುವವರಿಗೆ ನಿಧಾನ ಅನ್ನಿಸುತ್ತದೆ. ಗಾಯದ ಸುತ್ತ ಚುಚ್ಚುವುದರಿಂದ ಉಪಯೋಗವಿಲ್ಲ.

"ಇಷ್ಟು ಸಣ್ಣ ಮಗುವಿಗೆ ಹತ್ತು ಬಾಟ್ಲಿನಾ?" ಅಂತ ತಾಯಂದಿರು ಹೆದರುತ್ತಾರೆ. ಹೌದು, ಮಕ್ಕಳಿಗೂ ದೊಡ್ಡವರಷ್ಟೇ. ಹಾವು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ. ಔಷಧ ಲೆಕ್ಕ ಹಾಕುವುದು ವಿಷಕ್ಕೆ, ರೋಗಿಯ ತೂಕಕ್ಕಲ್ಲ. ಗರ್ಭಿಣಿಯರಿಗೂ ಬೇಕಾದಾಗ ಕೊಡಲೇಬೇಕು.

ಡ್ರಿಪ್ ಹೋಗುವಾಗ ಪಕ್ಕದಲ್ಲಿ ಕೂತವರು ಹೀಗೆ ಗಮನಿಸಿ. ಮೈ ತುರಿಕೆ, ದದ್ದು, ನಡುಕ, ವಾಂತಿ, ಎದೆ ಬಿಗಿತ, ಇದ್ದಕ್ಕಿದ್ದಂತೆ ಸುಸ್ತು. ಯಾವುದು ಕಂಡರೂ ತಕ್ಷಣ ಕೂಗಿ. ನಾವು ಡ್ರಿಪ್ ನಿಲ್ಲಿಸಿ ತೊಡೆಗೆ ಅಡ್ರಿನಲಿನ್ ಕೊಡುತ್ತೇವೆ, ದೊಡ್ಡವರಿಗೆ 0.5 ಮಿಲಿಗ್ರಾಂ. ರೋಗಿ ಸುಧಾರಿಸಿದ ಮೇಲೆ ಅದೇ ಔಷಧವನ್ನು ನಿಧಾನವಾಗಿ ಮತ್ತೆ ಶುರುಮಾಡುತ್ತೇವೆ. "ಒಂದು ಸಲ ಆಗಿಬರಲಿಲ್ಲ, ಇನ್ನು ಬೇಡ" ಅಂತ ಇಲ್ಲಿ ಸಹಿ ಹಾಕಿ ಕರೆದುಕೊಂಡು ಹೋಗುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅಲರ್ಜಿಗೆ ನಮ್ಮಲ್ಲಿ ಮದ್ದಿದೆ. ವಿಷಕ್ಕೆ ಇದೊಂದೇ.

ರಕ್ತದ ವಿಷದಲ್ಲಿ, ಔಷಧ ಮುಗಿದು 6 ಗಂಟೆಯಾದ ಮೇಲೆ ಗಾಜಿನ ಕೊಳವೆ ಪರೀಕ್ಷೆ ಮತ್ತೆ ಮಾಡುತ್ತಾರೆ. ಹೆಪ್ಪುಗಟ್ಟಲು ಬೇಕಾದ ಅಂಶಗಳನ್ನು ಲಿವರ್ ಮತ್ತೆ ತಯಾರಿಸಲು ಅಷ್ಟು ಹೊತ್ತು ಬೇಕು. ಇನ್ನೂ ಹೆಪ್ಪುಗಟ್ಟದಿದ್ದರೆ ಎರಡನೇ ಡೋಸ್. ನರದ ವಿಷದಲ್ಲಿ ಸುಧಾರಣೆ ಕಾಣದಿದ್ದರೆ ಒಂದೆರಡು ಗಂಟೆಯಲ್ಲಿ ಇನ್ನೊಮ್ಮೆ ಕೊಡುತ್ತಾರೆ. ನರದ ವಿಷದಲ್ಲಿ ಒಟ್ಟು 20 ವಯಲ್ ದಾಟಿದ ಮೇಲೆ ಅದರಿಂದ ಹೆಚ್ಚಿನ ಲಾಭವಿಲ್ಲ.

ಮಲೆನಾಡು, ಕೊಡಗಿನ ತೋಟದವರು ಒಂದು ವಿಷಯ ತಿಳಿದಿರಬೇಕು. ಅಲ್ಲಿ ತರಗೆಲೆಯಲ್ಲಿ ಸಿಗುವ, ಮೂತಿ ಮೇಲಕ್ಕೆತ್ತಿದಂತಿರುವ ಸಣ್ಣ ಕಂದು ಗುಳಿಮಂಡಲದ ವಿಷಕ್ಕೆ ನಮ್ಮಲ್ಲಿರುವ ಎಎಸ್‌ವಿ ಕೆಲಸ ಮಾಡುವುದಿಲ್ಲ. ಅದರ ವಿಷಕ್ಕೂ ಬಾವು, ರಕ್ತಸ್ರಾವ, ಕಿಡ್ನಿ ತೊಂದರೆ ಬರಬಹುದು. ಔಷಧ ಕೊಟ್ಟರೂ ರಕ್ತ ಹೆಪ್ಪುಗಟ್ಟುತ್ತಿಲ್ಲ ಅಂದರೆ ಡಾಕ್ಟರಿಗೆ ತೋಟದ ವಿಷಯ ಹೇಳಿ. ಫೋಟೊ ನಿಜವಾಗಿ ಉಪಯೋಗಕ್ಕೆ ಬರುವುದು ಇಂಥ ಕಡೆ.

ಹಂತ 9: ಉಸಿರು, ಮೂತ್ರ, ಮತ್ತು ಮುಂದಿನ ಆಸ್ಪತ್ರೆ

ಎಎಸ್‌ವಿ ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು ಹಿಡಿಯುತ್ತದೆ. ಆಗಲೇ ಆಗಿಹೋದ ಹಾನಿಯನ್ನು ಸರಿಮಾಡುವುದಿಲ್ಲ. ಕಟ್ಟುಹಾವಿನ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ, ಅದು ಮತ್ತೆ ಬೆಳೆಯಲು ದಿನಗಳು ಬೇಕು. ಅಷ್ಟು ದಿನ ಉಸಿರಾಟವನ್ನು ಯಂತ್ರ ನೋಡಿಕೊಳ್ಳಬೇಕು. ನಾಗರಹಾವಿನ ವಿಷಕ್ಕೆ ನಿಯೋಸ್ಟಿಗ್ಮಿನ್ ಅನ್ನುವ ಇಂಜೆಕ್ಷನ್ ಅನ್ನು ಅಟ್ರೋಪಿನ್ ಜೊತೆ ಕೊಟ್ಟರೆ ಕೆಲವೊಮ್ಮೆ ಕಣ್ಣೆದುರೇ ರೆಪ್ಪೆ ಮೇಲೇಳುತ್ತದೆ. ಕಟ್ಟುಹಾವಿಗೆ ಅದರಿಂದ ಸಾಮಾನ್ಯವಾಗಿ ಪ್ರಯೋಜನವಿಲ್ಲ.

ಮುಂದಿನ ಆಸ್ಪತ್ರೆಗೆ ಕಳಿಸುವಾಗ ಮನೆಯವರು ಕೇಳಬೇಕಾದ್ದು: ಮೊದಲ ಡೋಸ್ ಹಾಕಿದ್ದೀರಾ? ಹೋಗುವ ಕಡೆ ವೆಂಟಿಲೇಟರ್, ಡಯಾಲಿಸಿಸ್ ಇದೆಯಾ? ದಾರಿಯಲ್ಲಿ ಉಸಿರು ಕೊಡುವ ಆಂಬು ಬ್ಯಾಗ್ ಒತ್ತಲು ಯಾರು ಬರುತ್ತಾರೆ? ಆ ರಬ್ಬರ್ ಚೀಲವನ್ನು ಕೈಯಿಂದ ಒತ್ತುತ್ತಾ ದೂರದ ಜಿಲ್ಲಾಸ್ಪತ್ರೆ ಮುಟ್ಟಿಸಿ ಉಳಿಸಿಕೊಂಡ ಜೀವಗಳಿವೆ.

ಇನ್ನೊಂದು ಮಾತು, ಇದನ್ನು ನಾನು ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ನರದ ವಿಷ ಪೂರ್ತಿ ಏರಿದವರು ಸತ್ತವರಂತೆ ಕಾಣುತ್ತಾರೆ. ಕಣ್ಣು ತೆರೆಯುವುದಿಲ್ಲ, ಬೆರಳು ಆಡುವುದಿಲ್ಲ, ಟಾರ್ಚ್ ಬಿಟ್ಟರೂ ಕಣ್ಣಿನ ಪಾಪೆ ಅಲುಗದೆ ಇರಬಹುದು. ಆದರೆ ಅವರಿಗೆ ಕಿವಿ ಕೇಳಿಸುತ್ತಿರಬಹುದು, ಬುದ್ಧಿ ಪೂರ್ತಿ ಎಚ್ಚರ ಇರಬಹುದು. ಹಾಸಿಗೆ ಪಕ್ಕ ನಿಂತು "ಇನ್ನು ಆಸೆ ಇಲ್ಲ" ಅನ್ನಬೇಡಿ. ಹೆಸರು ಹಿಡಿದು ಕರೆಯಿರಿ, ಧೈರ್ಯ ಹೇಳಿ. ಯಂತ್ರ ತೆಗೆಸಿ ಮನೆಗೆ ಒಯ್ಯುವ ನಿರ್ಧಾರವನ್ನು ಆ ಸ್ಥಿತಿಯಲ್ಲಿ ಮಾಡಬೇಡಿ. ಹೀಗಿದ್ದವರು ಕೆಲವು ದಿನದಲ್ಲಿ ಎದ್ದು ಕೂತು ಗಂಜಿ ಕೇಳಿದ್ದನ್ನು ನೋಡಿದ್ದೇನೆ.

ಮಂಡಲ ಕಚ್ಚಿದವರಲ್ಲಿ ಗಮನವೆಲ್ಲ ಮೂತ್ರದ ಮೇಲೆ. ಎಷ್ಟು ಬಂತು, ಯಾವ ಬಣ್ಣ. ಅಳತೆಯ ಪಾತ್ರೆ ಕೊಟ್ಟರೆ ಬೇಸರ ಮಾಡಿಕೊಳ್ಳದೆ ಅಳೆದು ಬರೆಯಿರಿ. ಮೂತ್ರ ಕಡಿಮೆಯಾಗುತ್ತಾ ಬಂದರೆ ಡಯಾಲಿಸಿಸ್ ಇರುವ ಕಡೆಗೆ ಬೇಗ ಹೋಗಬೇಕು.

ಹಂತ 10: ಲಕ್ಷಣವೇ ಇಲ್ಲದವರು, ಮತ್ತು ಮನೆಗೆ ಹೋದವರು

ಏನೂ ಆಗಿಲ್ಲ, ರಕ್ತ ಚೆನ್ನಾಗಿ ಹೆಪ್ಪುಗಟ್ಟಿದೆ, ಓಡಾಡುತ್ತಿದ್ದಾರೆ. ಆದರೂ 24 ಗಂಟೆ ಆಸ್ಪತ್ರೆಯಲ್ಲೇ ಇರಬೇಕು. ಹಾಲು ಕರೆಯಬೇಕು, ಮೋಟರ್ ಆನ್ ಮಾಡಬೇಕು ಅಂತ ಸಂಜೆಗೇ ಹೊರಡುವವರನ್ನು ತಡೆಯುವುದು ನಮಗೆ ದೊಡ್ಡ ಕೆಲಸ. ಆ ಕೆಲಸಕ್ಕೆ ಒಂದು ದಿನ ಪಕ್ಕದ ಮನೆಯವರಿಗೆ ಹೇಳಿ.

ಎಎಸ್‌ವಿ ಪಡೆದು ಮನೆಗೆ ಹೋದವರಲ್ಲಿ ಕೆಲವರಿಗೆ ಒಂದೆರಡು ವಾರದೊಳಗೆ ಜ್ವರ, ಕೀಲು ನೋವು, ಮೈಮೇಲೆ ತುರಿಕೆಯ ದದ್ದು ಬರುತ್ತದೆ. ವಿಷ ಮತ್ತೆ ಏರಿತು ಅಂತ ಹೆದರಿ ನಾಟಿ ವೈದ್ಯರ ಬಳಿ ಓಡುತ್ತಾರೆ. ಇದು ಔಷಧಕ್ಕೆ ಮೈ ತಡವಾಗಿ ತೋರಿಸುವ ಪ್ರತಿಕ್ರಿಯೆ, ಮಾತ್ರೆಯಿಂದ ಹೋಗುತ್ತದೆ. ಡಿಸ್ಚಾರ್ಜ್ ಚೀಟಿ ಹಿಡಿದುಕೊಂಡು ಮತ್ತೆ ಅದೇ ಆಸ್ಪತ್ರೆಗೆ ಬನ್ನಿ. ಮೂತ್ರ ಕಡಿಮೆಯಾದರೆ, ಮುಖ ಊದಿಕೊಂಡರೆ, ಗಾಯ ಕಪ್ಪಾಗಿ ವಾಸನೆ ಬಂದರೆ ಅದೇ ದಿನ ಬನ್ನಿ. ಆ ಚೀಟಿಯನ್ನು ಪಡಿತರ ಚೀಟಿಯ ಜೊತೆಗೇ ಇಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಮತ್ತೆ ಹಾವು ಕಚ್ಚಿದರೆ ಡಾಕ್ಟರ್ ಕೇಳುವ ಮೊದಲ ಕಾಗದ ಅದೇ.